ಒತ್ತೆಯೇ ಇಲ್ಲದ ಕಡೆ ಒತ್ತೆಹಣ ಎಲ್ಲಿಂದ ಬಂತು?

ಸಂಪಾದಕರೇ, ನಮಸ್ಕಾರ.

ನಿಮ್ಮ ಪತ್ರಿಕೆ ನಮ್ಮ ಮನೆಗೆ ತುಂಬಾ ವರ್ಷಗಳಿಂದ ಬರುತ್ತಿದೆ, ಹಾಗಾಗಿ ಸ್ವಲ್ಪ ಸಲಿಗೆಯಿಂದಲೇ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಇತ್ತೀಚೆಗೆ ಒಳಪುಟದಲ್ಲಿ ಎರಡು ಸುದ್ದಿ ಓದಿದೆ. ಒಂದರಲ್ಲಿ ಯಾರೋ ವಿಡಿಯೋ ಕಾಲ್ ಮಾಡಿ, ನಾವು ಸಿಬಿಐನವರು ಅಂತ ಹೆದರಿಸಿ, ವಯಸ್ಸಾದ ಒಬ್ಬರಿಂದ ಹಣ ಹಾಕಿಸಿಕೊಂಡಿದ್ದರು. ಇನ್ನೊಂದರಲ್ಲಿ ಒಬ್ಬ ರೌಡಿ ಗುತ್ತಿಗೆದಾರರಿಗೆ ಫೋನ್ ಮಾಡಿ, ದುಡ್ಡು ಕಳಿಸದಿದ್ದರೆ ನೋಡ್ಕೋತೀನಿ ಅಂದಿದ್ದ. ಎರಡಕ್ಕೂ ನೀವು ಹಾಕಿದ ತಲೆಬರಹದಲ್ಲಿ ‘ಒತ್ತೆಹಣ’ ಅಂತ ಇತ್ತು. ಸ್ವಾಮಿ, ಎರಡರಲ್ಲೂ ಒತ್ತೆ ಯಾರು? ಯಾರನ್ನು ಹಿಡಿದಿಟ್ಟಿದ್ದರು? ಯಾರನ್ನೂ ಇಲ್ಲ.

ನಾನು ಜಿಲ್ಲಾ ನ್ಯಾಯಾಲಯದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಅಲ್ಲಿ ಒಂದು ಪದ ಆಚೀಚೆ ಆದರೆ ಒಬ್ಬ ಮನುಷ್ಯನಿಗೆ ಮೂರು ವರ್ಷವೋ ಜೀವಾವಧಿಯೋ ಅಂತ ತೀರ್ಮಾನ ಆಗಿಬಿಡುತ್ತಿತ್ತು. ಆ ಚಾಳಿ ಇನ್ನೂ ಹೋಗಿಲ್ಲ ಅಂದುಕೊಳ್ಳಿ. ಆದರೆ ಇದು ಬರೀ ವ್ಯಾಕರಣದ ಕೊಂಕು ಅಲ್ಲ. ಇಂಗ್ಲಿಷಿನ ರ‍್ಯಾನ್ಸಮ್‌ಗೆ ನಾವು ಒತ್ತೆಹಣ ಅಂತ ಬರೆಯುತ್ತೇವೆ, ಆ ಪದದ ಒಳಗೆ ಒಂದು ಮಾತು ಕೂತಿದೆ: ಕೊಟ್ಟರೆ ಬಿಡುತ್ತಾರೆ. ಒತ್ತೆಯೇ ಇಲ್ಲದ ಕಡೆ ಆ ಪದ ಹಾಕಿದರೆ, ಕಳ್ಳ ಹೇಳಿದ ಸುಳ್ಳಿಗೆ ಪತ್ರಿಕೆಯೇ ಸಹಿ ಹಾಕಿದ ಹಾಗೆ ಆಗುತ್ತದೆ.

ಒತ್ತೆ ನಮಗೆ ಹಳೇ ಪದ. ಚಿನ್ನ ಒತ್ತೆ ಇಟ್ಟು ಸಾಲ ತರುವುದು ಇವತ್ತಿಗೂ ಇದೆ, ಬ್ಯಾಂಕಿನವರು ಅಡಮಾನ ಅಂತಾರೆ, ಊರ ಕಡೆ ಗಿರವಿ ಅಂತಾರೆ, ಉತ್ತರ ಕರ್ನಾಟಕದಲ್ಲಿ ಹೊಲ ಒತ್ತಿ ಹಾಕುತ್ತಾರೆ. ಎಲ್ಲದರಲ್ಲೂ ಮೊದಲು ಒಂದು ಸಾಲ ಇರುತ್ತದೆ, ಅದಕ್ಕೆ ಭದ್ರತೆಗಾಗಿ ವಸ್ತು ಇರುತ್ತದೆ. ಸಾಲ ತೀರಿದರೆ ವಸ್ತು ವಾಪಸ್. ಇದರಲ್ಲಿ ಅನ್ಯಾಯ ಏನಿಲ್ಲ, ಬಡ್ಡಿ ಜಾಸ್ತಿ ಆದರೆ ಬೇರೆ ಮಾತು.

ಮನುಷ್ಯರನ್ನೇ ಹೀಗೆ ಒತ್ತೆ ಇಟ್ಟದ್ದಕ್ಕೆ ನಮ್ಮ ನೆಲದಲ್ಲೇ ದೊಡ್ಡ ಉದಾಹರಣೆ ಇದೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಸುಲ್ತಾನ್ ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು, ಮೇಲೆ 3 ಕೋಟಿ 30 ಲಕ್ಷ ರೂಪಾಯಿ ಕಟ್ಟಬೇಕಾಯಿತು. ಅಷ್ಟು ಹಣ ಒಂದೇ ಸಲಕ್ಕೆ ಆಗಲಿಲ್ಲ. ಬಾಕಿ ತೀರುವ ತನಕ ಅವನ ಇಬ್ಬರು ಚಿಕ್ಕ ಗಂಡುಮಕ್ಕಳು ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೈಯಲ್ಲಿ ಒತ್ತೆಯಾಳುಗಳು. ಮದ್ರಾಸಿಗೆ ಹೋದ ಆ ಹುಡುಗರು ವಾಪಸ್ ಬಂದದ್ದು 1794ರಲ್ಲಿ. ಶಾಲೆಯಲ್ಲಿ ಇದನ್ನು ಓದಿದವರು ಕೆಲವರು, ಮಕ್ಕಳಿಗಾಗಿ ಟಿಪ್ಪು ಒತ್ತೆಹಣ ಕೊಟ್ಟ ಅಂತ ಹೇಳುವುದನ್ನು ಕೇಳಿದ್ದೇನೆ. ಅಲ್ಲ. ಅಲ್ಲಿ ಹಣ ಮೊದಲು, ಮಕ್ಕಳು ಆಮೇಲೆ. ಸೋತವನ ಮೇಲೆ ಹೇರಿದ ಯುದ್ಧದ ದಂಡಕ್ಕೆ ಮಕ್ಕಳು ಜಾಮೀನು. ನಾವು ಈಗ ಒತ್ತೆಹಣ ಅನ್ನುವುದರಲ್ಲಿ ಇದು ತಿರುವುಮುರುವು: ಮೊದಲು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ಇಲ್ಲದ ಸಾಲವೊಂದನ್ನು ಹುಟ್ಟಿಸುತ್ತಾರೆ. ಅಪ್ಪ ಅಮ್ಮ ಯಾರಿಗೂ ಒಂದು ಪೈಸೆ ಬಾಕಿ ಇಟ್ಟಿರುವುದಿಲ್ಲ, ಆದರೂ ತೀರಿಸಬೇಕು.

ಇಂಗ್ಲಿಷ್ ಪದದ ಬೇರು ಲ್ಯಾಟಿನ್ ಭಾಷೆಯದು, ಕೊಟ್ಟು ಬಿಡಿಸಿಕೊಳ್ಳುವುದು ಅಂತ ಅರ್ಥ. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂತು. ಒಂದು ಕಾಲಕ್ಕೆ ಯುರೋಪಿನ ಯುದ್ಧದಲ್ಲಿ ಇದೊಂದು ಗೌರವದ ವ್ಯವಹಾರವೇ ಆಗಿತ್ತು. ಇಂಗ್ಲೆಂಡಿನ ದೊರೆ ಮೊದಲನೇ ರಿಚರ್ಡ್ 1192ರಲ್ಲಿ ಆಸ್ಟ್ರಿಯಾದಲ್ಲಿ ಸಿಕ್ಕಿಬಿದ್ದಾಗ ಅವನಿಗೆ ಕಟ್ಟಿದ ಬೆಲೆ ಒಂದೂವರೆ ಲಕ್ಷ ಮಾರ್ಕ್ ಬೆಳ್ಳಿ, ಅದಕ್ಕಾಗಿ ಇಂಗ್ಲೆಂಡಿನ ಪ್ರಜೆಗಳ ಮೇಲೆ, ಚರ್ಚುಗಳ ಮೇಲೆ ತೆರಿಗೆ ಬಿತ್ತು, 1194ರಲ್ಲಿ ಬಿಡುಗಡೆ ಆಯಿತು. ಬೈಬಲ್ಲಿನಲ್ಲೂ ಈ ಪದ ಬರುತ್ತದೆ, ಏಸು ಅನೇಕರ ಬಿಡುಗಡೆಗಾಗಿ ಪ್ರಾಣ ಕೊಡುವ ಕಡೆ. ಹಳೆಯ ಕನ್ನಡ ಬೈಬಲ್ಲಿನಲ್ಲಿ ಅಲ್ಲಿ ಒತ್ತೆಹಣ ಅಂತ ಇಲ್ಲ, ‘ಈಡು’ ಅಂತ ಇದೆ. ಮನೆ ಈಡು ಮಾಡಿ ಸಾಲ ತಂದೆ ಅಂತೀವಲ್ಲ, ಅದೇ ಈಡು. ಎಷ್ಟು ಚೆನ್ನಾಗಿ ಕೂತಿದೆ ನೋಡಿ. ಅಲ್ಲಿ ಒತ್ತೆಹಣ ಅಂತ ಬರೆದಿದ್ದರೆ ಪೊಲೀಸ್ ಠಾಣೆ ನೆನಪಾಗುತ್ತಿತ್ತು.

ಈಗ ಠಾಣೆಯ ವಿಷಯಕ್ಕೇ ಬರುತ್ತೇನೆ. ಹಣಕ್ಕಾಗಿ ಅಪಹರಣ ಅಂತ ನಮ್ಮ ದಂಡ ಸಂಹಿತೆಯಲ್ಲಿ ಮೊದಲಿಗೆ ಪ್ರತ್ಯೇಕ ಕಲಮೇ ಇರಲಿಲ್ಲ. 364ಎ ಕಲಂ ಸೇರಿದ್ದು 1993ರಲ್ಲಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆಯಲ್ಲ, ಅದರಲ್ಲಿ ಇದು 140ನೇ ಕಲಮಿನ ಎರಡನೇ ಉಪಕಲಂ. ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ, ಅದಕ್ಕಿಂತ ಕಡಿಮೆ ಇಲ್ಲವೇ ಇಲ್ಲ. ಬರೀ ಹೆದರಿಸಿ ದುಡ್ಡು ಕಿತ್ತರೆ ಅದು 308, ಸುಲಿಗೆ, ಸಾಮಾನ್ಯವಾಗಿ ಏಳು ವರ್ಷದವರೆಗೆ. ಮೋಸ ಮಾಡಿ ಹಾಕಿಸಿಕೊಂಡರೆ ಅದು ವಂಚನೆ, ಅದರ ಕಲಂ ಬೇರೆ. ಈಗ ಹೇಳಿ, ಗುತ್ತಿಗೆದಾರರಿಗೆ ಫೋನ್ ಮಾಡಿದ ರೌಡಿಗೆ ನೀವು ತಲೆಬರಹದಲ್ಲಿ ಹಾಕಿದ ಅಪರಾಧ ಯಾವುದು? ಅವನು ಮಾಡಿದ್ದು ಸುಲಿಗೆ ಯತ್ನ, ಬೀದಿ ಭಾಷೆಯಲ್ಲಿ ಹಫ್ತಾ ವಸೂಲಿ. ಇದಕ್ಕೆ ನಮ್ಮಲ್ಲಿ ಪದ ಇಲ್ಲದೆ ಏನಿಲ್ಲ. (ಸರ ಕಿತ್ತುಕೊಂಡು ಬೈಕಿನಲ್ಲಿ ಓಡಿದರೂ ಸುಲಿಗೆ, ಹೆದರಿಸಿ ಹಣ ಪಡೆದರೂ ಸುಲಿಗೆ ಅಂತ ಬರೆಯುತ್ತೀರಿ, ಅದೂ ಒಂದು ಗೊಂದಲವೇ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.)

ಕೋರ್ಟು ಈ ಕಲಮನ್ನು ಎಷ್ಟು ಬಿಗಿಯಾಗಿ ನೋಡುತ್ತದೆ ಅನ್ನುವುದಕ್ಕೆ ಎರಡು ತೀರ್ಪು ನೆನಪಿಗೆ ಬರುತ್ತವೆ. 2004ರಲ್ಲಿ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಕೇಸು. ಹಣದ ಬೇಡಿಕೆ ಮನೆಯವರಿಗೆ ಮುಟ್ಟಿರಲಿಲ್ಲ, ಹಾಗಾಗಿ ಈ ಕಲಂ ಹತ್ತುವುದಿಲ್ಲ ಅನ್ನುವುದು ಆರೋಪಿ ಪರ ವಾದ. ಕೋರ್ಟು ಒಪ್ಪಲಿಲ್ಲ. ದುಡ್ಡು ಕೊಡುವವರಿಗೇ ಕೇಳಬೇಕು ಅಂತೇನಿಲ್ಲ, ಹಿಡಿದಿಟ್ಟ ಮನುಷ್ಯನಿಗೇ ಇಷ್ಟು ಬೇಕು ಅಂತ ಹೇಳಿದರೂ ಅದು ಬೇಡಿಕೆಯೇ ಅಂದಿತು. ಇನ್ನೊಂದು 2021ರದು, ತೆಲಂಗಾಣದ ಕೇಸು. ಶಾಲೆಗೆ ಹೋಗುವ ಹುಡುಗನನ್ನು ಕರೆದುಕೊಂಡು ಹೋಗಿ ಒಬ್ಬ 2 ಲಕ್ಷ ರೂಪಾಯಿ ಕೇಳಿದ್ದ. ಕೆಳಗಿನ ಕೋರ್ಟು ಜೀವಾವಧಿ ಕೊಟ್ಟಿತ್ತು, ಹೈಕೋರ್ಟು ಎತ್ತಿಹಿಡಿದಿತ್ತು. ಸುಪ್ರೀಂ ಕೋರ್ಟು ಏನು ಹೇಳಿತು ಗೊತ್ತಾ? ಅಪಹರಣ ರುಜುವಾತಾಗಿದೆ, ಹಣ ಕೇಳಿದ್ದೂ ಇದೆ, ಆದರೆ ಹುಡುಗನನ್ನು ಕೊಲ್ಲುತ್ತೇನೆ, ಗಾಯ ಮಾಡುತ್ತೇನೆ ಅಂತ ಬೆದರಿಸಿದ್ದು ರುಜುವಾತಾಗಿಲ್ಲ. ಜೀವಾವಧಿ ಹೋಯಿತು, ಬರೀ ಅಪಹರಣಕ್ಕೆ ಏಳು ವರ್ಷ ಉಳಿಯಿತು. ಅಂದರೆ ಹಿಡಿದಿಡಬೇಕು, ಪ್ರಾಣಕ್ಕೋ ಮೈಗೋ ಅಪಾಯದ ಭಯ ಹುಟ್ಟಿಸಬೇಕು, ಅದರ ಮೇಲೆ ಬೇಡಿಕೆ ಇಡಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಅತ್ಯುನ್ನತ ನ್ಯಾಯಾಲಯ ಆ ಕಲಂ ಕೊಡುವುದಿಲ್ಲ, ನಮ್ಮ ಪತ್ರಿಕೆಗಳು ಮಾತ್ರ ಒಂದೂ ಇಲ್ಲದಿದ್ದರೂ ಕೊಟ್ಟುಬಿಡುತ್ತವೆ!

ಪತ್ರಿಕೆಗೆ ಕೋರ್ಟಿನಷ್ಟು ಬಿಗಿ ಬೇಡ, ಒಪ್ಪುತ್ತೇನೆ. ತಲೆಬರಹಕ್ಕೆ ಜಾಗ ಕಡಿಮೆ, ಅದೂ ಗೊತ್ತು. ಆದರೆ ಬೇಡಿಕೆ ಅಂದರೆ ಹಣವೇ ಅಂತ ಅಂದುಕೊಳ್ಳುವುದೂ ತಪ್ಪು. ಈ ಕಲಮಿನಲ್ಲೇ ಎರಡು ಭಾಗ ಇದೆ, ಹಣ ಕೊಡಿಸುವುದು ಒಂದು, ಯಾವುದೋ ಕೆಲಸ ಮಾಡಿಸುವುದು ಅಥವಾ ಮಾಡದಂತೆ ತಡೆಯುವುದು ಇನ್ನೊಂದು. ಕನ್ನಡದವರಿಗೆ ಇದನ್ನು ವಿವರಿಸಬೇಕಾ? 2000ದ ಜುಲೈ 30ರ ರಾತ್ರಿ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕರೆದುಕೊಂಡು ಹೋದ. ನವೆಂಬರ್ 15ಕ್ಕೆ ಬಿಡುಗಡೆ, 108 ದಿನ. ಆ ದಿನಗಳಲ್ಲಿ ಪತ್ರಿಕೆಯಲ್ಲಿ ನಾವು ಓದುತ್ತಿದ್ದದ್ದು ಬೇಡಿಕೆ ಅನ್ನುವ ಪದ. ಅವನು ಕ್ಯಾಸೆಟ್ಟಿನಲ್ಲಿ ಕಳಿಸಿದ ಪಟ್ಟಿಯಲ್ಲಿ ಕಾವೇರಿ ಇತ್ತು, ತಮಿಳು ಭಾಷೆ ಇತ್ತು, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆ ಇತ್ತು, ಟಾಡಾ ಅನ್ನುವ ಭಯೋತ್ಪಾದನೆ ತಡೆ ಕಾಯ್ದೆಯಡಿ ಜೈಲಿನಲ್ಲಿದ್ದ ಕೈದಿಗಳ ಬಿಡುಗಡೆ ಇತ್ತು. ಹಣ ಹೋಯಿತು ಅಂದವರಿದ್ದಾರೆ, ಇಲ್ಲವೇ ಇಲ್ಲ ಅಂದವರಿದ್ದಾರೆ, ಆ ಜಗಳಕ್ಕೆ ನಾನು ಹೋಗುವುದಿಲ್ಲ. ಕೇಳಿದ್ದರಲ್ಲಿ ಅತಿ ದುಬಾರಿಯಾದದ್ದು ಹಣ ಆಗಿರಲಿಲ್ಲ, ಕೈದಿಗಳು. ಅದನ್ನು ಕರ್ನಾಟಕ, ತಮಿಳುನಾಡು ಎರಡೂ ರಾಜ್ಯ ಸರ್ಕಾರಗಳು ಕೊಡುವುದಕ್ಕೆ ತಯಾರಾಗಿದ್ದವು. ತಡೆದದ್ದು ಯಾರು? ವೀರಪ್ಪನ್ ಕೊಂದಿದ್ದ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ, ಮೈಸೂರಿನ ಅಬ್ದುಲ್ ಕರೀಂ. ಸುಪ್ರೀಂ ಕೋರ್ಟಿಗೆ ಹೋದರು, ನವೆಂಬರಿನಲ್ಲಿ ಕೋರ್ಟು ಆ ಬಿಡುಗಡೆಗೆ ಒಪ್ಪಲಿಲ್ಲ. ಇಡೀ ರಾಜ್ಯವೇ ಅಣ್ಣಾವ್ರು ಮನೆಗೆ ಬಂದರೆ ಸಾಕು ಅಂತ ಕಾಯುತ್ತಿದ್ದಾಗ, ಹಾಗೆ ಹೋಗಿ ನಿಲ್ಲುವುದು ಸುಲಭದ ಮಾತಾ? ಇದನ್ನು ಒತ್ತೆಹಣದ ಕಥೆ ಅಂತ ಬರೆದರೆ ಇಷ್ಟೂ ಕಳೆದುಹೋಗುತ್ತದೆ. ಎರಡು ವರ್ಷದ ಮೇಲೆ, 2002ರಲ್ಲಿ, ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು ಕಾಮಗೆರೆಯಿಂದ ಅದೇ ವೀರಪ್ಪನ್ ಒಯ್ದ, ಅವರು ಜೀವಂತ ವಾಪಸ್ ಬರಲಿಲ್ಲ.

ಡಿಜಿಟಲ್ ಅರೆಸ್ಟ್ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮ ಆಧಾರ್ ಮೇಲೆ ಕಪ್ಪುಹಣದ ಖಾತೆ ಇದೆ ಅಂತ ಶುರು. ಆಮೇಲೆ ಖಾಕಿ ಹಾಕಿದವನು ವಿಡಿಯೋದಲ್ಲಿ ಬರುತ್ತಾನೆ. ಕ್ಯಾಮೆರಾ ಆಫ್ ಮಾಡಬೇಡಿ, ಕೋಣೆ ಬಿಟ್ಟು ಹೋಗಬೇಡಿ, ಮಗನಿಗೂ ಹೇಳಬೇಡಿ ಅಂತಾನೆ. ತನಿಖೆ ಮುಗಿದ ಮೇಲೆ ವಾಪಸ್ ಕೊಡುತ್ತೇವೆ ಅಂತ ಹೇಳಿ ಠೇವಣಿ ಮುರಿಸಿ ಹಣ ಹಾಕಿಸಿಕೊಳ್ಳುತ್ತಾನೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ ಅಂತ 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಹೇಳಿದರು. ಒಬ್ಬ ವಕೀಲ ಮಿತ್ರರು ನನ್ನ ಜೊತೆ ವಾದ ಮಾಡಿದರು, ಆ ಮುದುಕರನ್ನು ಭಯದಿಂದ ಕೋಣೆಯಲ್ಲೇ ಕೂರಿಸಿದ್ದರಲ್ಲ, ಅದು ಹಿಡಿದಿಟ್ಟ ಹಾಗೆ ಅಲ್ವಾ ಅಂತ. ಭಯ ನಿಜ, ಅವರು ಪಟ್ಟ ಪಾಡೂ ನಿಜ, ಅವರನ್ನು ದಡ್ಡರು ಅಂತ ನಗುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ಆ ಕೋಣೆಯ ಚಿಲಕ ಒಳಗಡೆ ಇದೆ. ಫೋನ್ ಕಟ್ ಮಾಡಿ, ಪಕ್ಕದ ಮನೆಯವರನ್ನು ಕರೆದು, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಅವನ ಆಟ ಅಲ್ಲಿಗೆ ಮುಗಿಯಿತು. ಇದು ಓದುಗರ ತಲೆಗೆ ಹೋಗಬೇಕಾದ ವಿಷಯ. ‘ವೃದ್ಧರಿಂದ ಒತ್ತೆಹಣ ಪಡೆದ ಖದೀಮರು’ ಅಂತ ಬರೆದರೆ ಏನು ತಲೆಗೆ ಹೋಗುತ್ತದೆ? ಅವರು ಸಿಕ್ಕಿಹಾಕಿಕೊಂಡಿದ್ದರು, ಕೊಟ್ಟು ಬಿಡಿಸಿಕೊಂಡರು ಅಂತ. ನಾಳೆ ಅಂಥದ್ದೇ ಫೋನ್ ಬಂದ ಇನ್ನೊಬ್ಬರು ಕೊಟ್ಟರೆ ಬಿಡ್ತಾರೇನೋ ಅಂದುಕೊಂಡರೆ ಆಶ್ಚರ್ಯ ಇಲ್ಲ. ವಂಚನೆ ಅಂತ ಬರೆಯಿರಿ, ಸಾಕು.

ಕಂಪ್ಯೂಟರಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಇದೆಯಲ್ಲ, ಅಲ್ಲಿ ಮಾತ್ರ ನಾನು ಜಗಳ ಆಡುವುದಿಲ್ಲ. ಅಲ್ಲಿ ಒತ್ತೆ ಇದೆ, ನಮ್ಮ ಫೈಲುಗಳೇ ಒತ್ತೆ. ಇದು ಹೊಸದೇನಲ್ಲ. 1989ರಲ್ಲೇ ಒಬ್ಬ ಫ್ಲಾಪಿ ಡಿಸ್ಕ್ ಅಂಚೆಯಲ್ಲಿ ಕಳಿಸಿ, ಕಂಪ್ಯೂಟರ್ ಕೆಡಿಸಿ, 189 ಡಾಲರ್ ಪನಾಮಾದ ಅಂಚೆ ಪೆಟ್ಟಿಗೆಗೆ ಕಳಿಸಿ ಅಂತ ಕೇಳಿದ್ದ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಬಂದಾಗ ಕೇಳಿದ್ದು 300 ಡಾಲರ್, ಅದೂ ಬಿಟ್‌ಕಾಯಿನ್‌ನಲ್ಲಿ. ಒಂದೇ ವ್ಯತ್ಯಾಸ, ಮಗುವನ್ನು ವಾಪಸ್ ಕೊಟ್ಟರೆ ಮಗು ಅವನ ಹತ್ತಿರ ಉಳಿಯುವುದಿಲ್ಲ, ಫೈಲಿನ ನಕಲು ಉಳಿದಿರಬಹುದು. ಹಾಗಾಗಿ ಒಂದು ಸಲ ಕೊಟ್ಟವರನ್ನು ಮತ್ತೆ ಕೇಳಬಹುದು. ಕೈಯಲ್ಲಿ ಬ್ಯಾಕಪ್ ಇದ್ದವರಿಗೆ ಕೆಲಸ ನಿಲ್ಲುವ ಭಯವಾದರೂ ತಪ್ಪುತ್ತದೆ.

ಇಲ್ಲಿ ನನ್ನ ತಕರಾರು ಪದದ ಮೇಲಲ್ಲ, ಅದರ ಪಕ್ಕದ ಅಂಕಿಯ ಮೇಲೆ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್ ಕೆಟ್ಟು ಕೂತಿತು, ಕೆಲಸ ಎಲ್ಲಾ ದಿನಗಟ್ಟಲೆ ಕೈಬರಹದಲ್ಲಿ ನಡೆಯಿತು. 200 ಕೋಟಿ ರೂಪಾಯಿ ಒತ್ತೆಹಣ ಕೇಳಿದ್ದಾರೆ ಅಂತ ದೇಶದ ತುಂಬಾ ಸುದ್ದಿ ಆಯಿತು. ಅಂಥ ಬೇಡಿಕೆ ಬಂದಿದೆ ಅಂತ ಆಸ್ಪತ್ರೆಯವರು ನಮಗೆ ತಿಳಿಸಿಲ್ಲ ಅಂತ ದೆಹಲಿ ಪೊಲೀಸರು ಹೇಳಿದರು. ಇವತ್ತು ಯಾರನ್ನಾದರೂ ಕೇಳಿ, 200 ಕೋಟಿ ನೆನಪಿರುತ್ತದೆ, ಪೊಲೀಸರ ಮಾತು ನೆನಪಿರುವುದಿಲ್ಲ.

ಮೊದಲು ಕೇಳುವ ಅಂಕಿ ಯಾವತ್ತೂ ಚೌಕಾಸಿಯ ಅಂಕಿ. 1999ರ ಡಿಸೆಂಬರಿನಲ್ಲಿ ನಮ್ಮ ವಿಮಾನವನ್ನು ಅಪಹರಿಸಿ ಅಫ್ಘಾನಿಸ್ತಾನದ ಕಂದಹಾರಕ್ಕೆ ಒಯ್ದವರು 20 ಕೋಟಿ ಡಾಲರ್ ಕೇಳಿದ್ದರು, 36 ಜನರ ಬಿಡುಗಡೆ ಕೇಳಿದ್ದರು. ಕೊನೆಗೆ ನಮ್ಮ ಸರ್ಕಾರ ಬಿಟ್ಟದ್ದು ಮೂವರು ಉಗ್ರರನ್ನು. ಹೀಗಿರುವಾಗ ಒಂದು ಮಗು ಇನ್ನೂ ಅವರ ಕೈಯಲ್ಲಿ ಇರುವಾಗಲೇ, ಇಷ್ಟು ಲಕ್ಷಕ್ಕೆ ಬೇಡಿಕೆ ಅಂತ ಪತ್ರಿಕೆಯವರು ದಪ್ಪ ಅಕ್ಷರದಲ್ಲಿ ಹಾಕಿದರೆ ಆ ಅಂಕಿ ಗಟ್ಟಿಯಾಗಿಬಿಡುತ್ತದೆ. ಮನೆಯವರು ಅಷ್ಟಿಲ್ಲ, ಇಷ್ಟಿದೆ ಅಂತ ಎಳೆಯುತ್ತಾ ಪೊಲೀಸರಿಗೆ ಸಮಯ ದೊರಕಿಸಿಕೊಡುತ್ತಿರುತ್ತಾರೆ. ಅಪಹರಣ ಮಾಡಿದವನೂ ಪತ್ರಿಕೆ ಓದುತ್ತಾನೆ, ಟಿವಿ ನೋಡುತ್ತಾನೆ. ಟಿವಿಯವರಿಗೆ ಹೇಳಿ ಪ್ರಯೋಜನ ಇಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಕೊಟ್ಟರೆ ಬಿಡುತ್ತಾರೆ ಅನ್ನುವ ಮಾತು ನಿಜವಾದ ಒತ್ತೆಯಲ್ಲೂ ಎಷ್ಟು ಸಡಿಲ ಅನ್ನುವುದನ್ನೂ ಹೇಳಿಬಿಡುತ್ತೇನೆ. 2010ರ ಸೆಪ್ಟೆಂಬರಿನಲ್ಲಿ ಸೊಮಾಲಿಯಾದ ಕಡಲ್ಗಳ್ಳರು ಆಸ್ಫಾಲ್ಟ್ ವೆಂಚರ್ ಅನ್ನುವ ಹಡಗನ್ನು ಹಿಡಿದರು. ಅದರಲ್ಲಿ 15 ಜನ ಭಾರತೀಯರು. 2011ರ ಏಪ್ರಿಲ್‌ನಲ್ಲಿ ಹಣ ಸಂದಾಯವಾಯಿತು. ಹಡಗು ಬಿಟ್ಟರು, ಎಂಟು ಜನರನ್ನು ಬಿಟ್ಟರು, ಉಳಿದ ಏಳು ಜನರನ್ನು ದಡಕ್ಕೆ ಎಳೆದುಕೊಂಡು ಹೋದರು. ನಮ್ಮ ನೌಕಾಪಡೆ ಹಿಡಿದಿದ್ದ ಕಡಲ್ಗಳ್ಳರನ್ನು ಬಿಟ್ಟರೆ ಮಾತ್ರ ಇವರನ್ನು ಬಿಡುತ್ತೇವೆ ಅಂದರು. ಆ ಏಳು ಜನ ಬಿಡುಗಡೆಯಾದದ್ದು 2014ರ ಅಕ್ಟೋಬರಿನಲ್ಲಿ. ಹಣ ಕೊಟ್ಟು ಮೂರೂವರೆ ವರ್ಷ! ಕೆಲವು ಪತ್ರಿಕೆಗಳಲ್ಲಿ ‘ಬಿಡುಗಡೆ ಹಣ’, ‘ವಿಮೋಚನಾ ಧನ’ ಅಂತೆಲ್ಲ ನೋಡಿದ್ದೇನೆ. ಅವು ನನಗೆ ಹಿಡಿಸದಿರುವುದು ಇದಕ್ಕೇ. ಹಣ ಕೊಡುವ ಮೊದಲೇ ಬಿಡುಗಡೆಯ ಭರವಸೆ ಕೊಟ್ಟುಬಿಡುತ್ತವೆ. ಅದಕ್ಕಿಂತ ಒತ್ತೆಹಣವೇ ವಾಸಿ, ಕೊಟ್ಟರೆ ಬಿಡುತ್ತಾರೆ ಅನ್ನುವ ಮಾತು ಅದರ ಒಳಗೆ ಕೂತಿದ್ದರೂ, ಬಾಯಿಬಿಟ್ಟು ಹೇಳುವುದು ಹಿಡಿದಿಟ್ಟಿದ್ದಾರೆ ಅನ್ನುವುದನ್ನಷ್ಟೇ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಸುದ್ದಿ ಮೇಜಿನಲ್ಲಿ ಕೂತವರು ಆ ಪದ ಹಾಕುವ ಮೊದಲು ಹಿಡಿದಿಟ್ಟದ್ದು ಯಾರನ್ನು ಅಥವಾ ಏನನ್ನು ಅಂತ ವರದಿಗಾರರಿಗೆ ಒಂದು ಮಾತು ಕೇಳಲಿ. ಉತ್ತರ ಇಲ್ಲದಿದ್ದರೆ ಸುಲಿಗೆ ಅಂತಲೋ ವಂಚನೆ ಅಂತಲೋ ಬರೆಯಲಿ. ಉತ್ತರ ಇದ್ದರೆ, ಆ ಮನುಷ್ಯ ಮನೆ ಸೇರುವ ತನಕ ಅಂಕಿ ಹಾಕದಿರಲಿ. ಇನ್ನೊಂದು, ಅಪ್ಪನ ಹತ್ತಿರ ದುಡ್ಡು ಕೀಳುವುದಕ್ಕೆ ತಾನೇ ಬಚ್ಚಿಟ್ಟುಕೊಂಡು ಗೆಳೆಯರ ಕೈಲಿ ಫೋನ್ ಮಾಡಿಸುವ ಹುಡುಗರ ಸುದ್ದಿಯೂ ಆಗಾಗ ಬರುತ್ತದಲ್ಲ, ಮೊದಲ ದಿನ ‘ಒತ್ತೆಹಣಕ್ಕೆ ಯುವಕನ ಅಪಹರಣ’ ಅಂತ ಮುಖಪುಟದಲ್ಲಿ ಬರುತ್ತದೆ, ಮಾರನೇ ದಿನ ನಾಟಕ ಅಂತ ಗೊತ್ತಾದಾಗ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಅಂಥ ಸುದ್ದಿಗೆ ಎರಡನೇ ದಿನವೂ ಮೊದಲ ದಿನದಷ್ಟೇ ಜಾಗ ಕೊಡಿ.

ಇಂತಿ,
ನಿಮ್ಮ ಹಳೇ ಓದುಗ,
ಮೈಸೂರು